ಬಿಸಿಲು ಗಾಳಿಗಳಿಗೊಂದು ಹಗೇವು

ಬಿಸಿಲಿಗೂ ಗಾಳಿಗೂ ಯಾರೂ ಬೆಲೆ ಕೊಡಬೇಕಾಗಿಲ್ಲ. ಬಳಸಿದಷ್ಟಕ್ಕೂ ಅವು ತೀರಿಹೋಗುವ ವಸ್ತುಗಳಲ್ಲ. ಆದಕಾರಣ ಅವುಗಳಿಂದ ಪಡೆಯುವ ವಿದ್ಯುಚ್ಛಕ್ತಿಗೆ ಮಿತಿಯೇ ಇಲ್ಲವೆಂದೂ, ಕಲ್ಲಿದ್ದಲನ್ನು ಬಿಟ್ಟು ಅವುಗಳ ಕಡೆಗೆ ತಿರುಗುವುದು ಕೇವಲ ಮನಸ್ಸು ಮಾಡುವ ಮಾತೆಂದೂ ಅನೇಕರು ತಿಳಿದಿದ್ದಾರೆ. ಕಲ್ಲಿದ್ದಲನ್ನು ಬಿಡಬೇಕೆಂಬುದರಲ್ಲಿ ಈ ಲೇಖಕನಿಗೆ ಸಂಶಯವೇನೂ ಇಲ್ಲ. ಆದರೆ ಬಿಸಿಲು ಪುಕ್ಕಟೆಯಾದರೂ ಅದನ್ನು ಹಿಡಿಯುವ ನೆಲ ಪುಕ್ಕಟೆಯಲ್ಲ; ಗಾಳಿ ಪುಕ್ಕಟೆಯಾದರೂ ಅದರಿಂದ ತಿರುಗುವ ಯಂತ್ರದ ಉಕ್ಕು ತಾಮ್ರಗಳು ಪುಕ್ಕಟೆಯಲ್ಲ; ಹಗಲಿನ ಬಿಸಿಲನ್ನು ರಾತ್ರಿಗಾಗಿ ಕಾದಿಡುವ ಉಪಾಯವಂತೂ ಎಲ್ಲಕ್ಕಿಂತ ದುಬಾರಿ. ಇದನ್ನು ದೂರದ ದೇಶದ ಉದಾಹರಣೆಯಿಂದ ತಿಳಿಯಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಮಲಪ್ರಭೆಯ ಸೀಮೆಯೇ, ಎಂದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳೇ, ಇದಕ್ಕೆ ತಕ್ಕ ಪ್ರಯೋಗಶಾಲೆಯಾಗಿವೆ.

ಈ ನಾಲ್ಕು ತಾಲ್ಲೂಕುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವವನು ಒಂದೇ ದಿನದಲ್ಲಿ ಎರಡು ಬೇರೆ ಹವೆಗಳನ್ನು ಕಾಣುತ್ತಾನೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ರಾಮದುರ್ಗವೋ ಮಳೆಯ ನೆರಳಿನ ಬಯಲು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ದಟ್ಟ ಮಳೆಯಲ್ಲಿ ಹುಟ್ಟಿದ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯನ್ನು ಹಾಯ್ದು, ಎರೆನೆಲದ ಬಯಲುಗಳನ್ನು ದಾಟಿ, ಸವದತ್ತಿಯ ಸಮೀಪದಲ್ಲಿ ಒಂದು ಕಲ್ಲಿನ ಗೋಡೆಗೆ ಎದುರಾಗುತ್ತದೆ. ಭೂವಿಜ್ಞಾನಿಗಳು ಕಲಾದಗಿ ಶ್ರೇಣಿಯೆಂದು ಕರೆಯುವ ಅತಿ ಪ್ರಾಚೀನ ಮರಳುಗಲ್ಲಿನ ಗುಡ್ಡಸಾಲು ಅದು. ನದಿ ಅದನ್ನು ಕೊರೆದು ಮಾಡಿಕೊಂಡ ಇಕ್ಕಟ್ಟಾದ ದಾರಿಯೇ ನವಿಲುತೀರ್ಥ. ೧೯೭೦ರ ದಶಕದ ಆರಂಭದಲ್ಲಿ ಇಲ್ಲಿ ಪೂರ್ಣಗೊಂಡ ಅಣೆಕಟ್ಟು ಬಹಳ ಚಿಕ್ಕದು, ನೂರೈವತ್ತು ಮೀಟರುಗಳ ಆಸುಪಾಸಿನ ಉದ್ದದ್ದು. ಆದರೆ ಅದರ ಹಿಂದೆ ನಿಲ್ಲುವ ರೇಣುಕಾಸಾಗರದ ಸಾಮರ್ಥ್ಯ ಸುಮಾರು ೩೭.೭ ಟಿ.ಎಂ.ಸಿ. ಗೋಡೆಯ ಬಹುಭಾಗವನ್ನು ಪ್ರಕೃತಿಯೇ ಕಟ್ಟಿಕೊಟ್ಟಿದ್ದರಿಂದ ಈ ಲಾಭವಾಯಿತು.

ಈ ಮರಳುಗಲ್ಲಿನ ಗುಡ್ಡಗಳಿಗೆ ಒಂದು ವಿಶೇಷವುಂಟು. ಅವುಗಳ ನೆತ್ತಿ ಚೂಪಾಗಿಲ್ಲ, ಹಾಸಿದಂತೆ ಸಮತಟ್ಟಾಗಿದೆ. ಪಕ್ಕಗಳು ಮಾತ್ರ ಕಡಿದಾಗಿವೆ. ಬಯಲಿನಿಂದ ತಟ್ಟನೆ ಮೇಲೆದ್ದಿರುವುದರಿಂದ ಮುಂಗಾರಿನ ಗಾಳಿ ಅವುಗಳನ್ನು ಏರುವಾಗ ಒತ್ತೊತ್ತಾಗಿ ವೇಗವನ್ನು ಪಡೆಯುತ್ತದೆ. ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಪಾತವಾಗಿ ಹೆಚ್ಚುತ್ತದೆಂಬುದನ್ನು ವಿದ್ಯಾರ್ಥಿಗಳು ಓದಿರಬಹುದು. ಸೆಕೆಂಡಿಗೆ ೫ ಮೀಟರ್ ವೇಗದ ಗಾಳಿಗಿಂತ ೧೦ ಮೀಟರ್ ವೇಗದ ಗಾಳಿ ಎರಡರಷ್ಟಲ್ಲ, ಎಂಟರಷ್ಟು ಶಕ್ತಿಯನ್ನು ಹೊತ್ತಿರುತ್ತದೆ. ಆದಕಾರಣವೇ ಸವದತ್ತಿ ರಾಮದುರ್ಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಆದರೆ ಇದೇ ನಿಯಮ ತಿರುಗುಬಾಣವೂ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭರದಿಂದ ತಿರುಗಿದ ರೆಕ್ಕೆಗಳು, ಗಾಳಿಯ ವೇಗ ಅರ್ಧಕ್ಕಿಳಿದೊಡನೆ ಎಂಟನೆಯ ಒಂದು ಪಾಲನ್ನು ಮಾತ್ರ ಕೊಡುತ್ತವೆ. ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಬೇಡಿಕೆ ಏರುವುದೋ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬಾವಿಯ ಪಂಪುಗಳು ಬಿಡುವಿಲ್ಲದೆ ನಡೆಯುವ ಬೇಸಗೆಯಲ್ಲಿ. ಬಿಸಿಲೇನೋ ಬೇಸಗೆಯಲ್ಲಿ ಧಾರಾಳ. ಆದರೆ ಮನೆಮನೆಯಲ್ಲಿ ದೀಪ ಹೊತ್ತುವ ಸಂಜೆ ಏಳು ಗಂಟೆಗೆ ಅದು ಇರುವುದಿಲ್ಲ.

ಹೀಗೆ ಪ್ರಶ್ನೆಯು ಶಕ್ತಿಯನ್ನು ಉತ್ಪಾದಿಸುವುದರಿಂದ ಕೂಡಿಡುವುದಕ್ಕೆ ಸರಿಯುತ್ತದೆ.

ಗುಡ್ಡದ ಮೇಲಿನ ಕಣಜ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗೆ ತೋಡಿದ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಅಭಾವದ ಕಾಲಕ್ಕೆ ತೆಗೆಯುತ್ತಿದ್ದರು. ತುಂಬಿದಷ್ಟೂ ಕಾಳು ಮರಳಿ ಬರುತ್ತಿರಲಿಲ್ಲ. ಅಂಚಿನ ಕಾಳು ಮುಗ್ಗಿ ಹೋಗುತ್ತಿತ್ತು. ವಿದ್ಯುತ್ತನ್ನು ಹಾಗೆಯೇ ತುಂಬಿಡಲು ಬರುವುದಿಲ್ಲವಾದರೂ, ಅದರಿಂದ ನೀರನ್ನು ಎತ್ತರಕ್ಕೆ ಏರಿಸಿ ನಿಲ್ಲಿಸಬಹುದು. ಹಗಲಲ್ಲಿ ಹೆಚ್ಚಾಗಿ ಬರುವ ವಿದ್ಯುತ್ತಿನಿಂದ ಕೆಳಗಿನ ಕೊಳದ ನೀರನ್ನು ಮೇಲಿನ ಕೊಳಕ್ಕೆ ಪಂಪು ಮಾಡುವುದು, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ಟರ್ಬೈನುಗಳನ್ನು ತಿರುಗಿಸುವುದು: ಇಷ್ಟೇ ಇದರ ತತ್ತ್ವ. ಇಂಥ ಕಣಜಕ್ಕೆ ಬೇಕಾದುದು ಮೂರು: ತಗ್ಗಿನಲ್ಲಿ ನೀರು, ಅದರ ಪಕ್ಕದಲ್ಲಿಯೇ ಕಡಿದಾದ ಗುಡ್ಡ, ಗುಡ್ಡದ ಮೇಲೆ ಸಮತಟ್ಟಾದ ನೆತ್ತಿ. ರೇಣುಕಾಸಾಗರದ ಸುತ್ತ ಈ ಮೂರೂ ಒಂದೆಡೆ ಕೂಡಿವೆ.

ಆದ್ದರಿಂದಲೇ ಗ್ರೀನ್ಕೊ ಸಂಸ್ಥೆಯು ಸವದತ್ತಿಯಲ್ಲಿ ಇಂಥ ಯೋಜನೆಯೊಂದನ್ನು ರೂಪಿಸಿತು. ರೇಣುಕಾಸಾಗರವೇ ಕೆಳಗಿನ ಕೊಳ. ಗುಡ್ಡದ ಮೇಲೆ ಹೊಸದಾಗಿ ಕಟ್ಟುವುದು ಮೇಲಿನ ಕೊಳ. ಮೊದಲ ರೂಪರೇಖೆಯಲ್ಲಿ ಅದರ ಸಾಮರ್ಥ್ಯ ೧೨೬೦ ಮೆಗಾವಾಟ್. ಈ ಸಂಖ್ಯೆಯೊಂದನ್ನೇ ಹಿಡಿದು, ಉಳಿದುದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದ ನಾವೇ ಲೆಕ್ಕ ಮಾಡಿ ನೋಡಬಹುದು. ಮುಂದೆ ಬರುವ ಎತ್ತರ, ಆಳ, ಗಂಟೆಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವೇ ಹೊರತು ಯೋಜನೆಯ ಅಳತೆಗಳಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಎರಡು ಕೊಳಗಳ ನಡುವಣ ಎತ್ತರ ೧೫೦ ಮೀಟರ್ ಎಂದಿರಲಿ. ಒಂದು ಘನಮೀಟರ್ ನೀರಿನ ತೂಕ ಒಂದು ಟನ್ನು. ಅದು ೧೫೦ ಮೀಟರ್ ಕೆಳಗೆ ಬಿದ್ದರೆ ದೊರೆಯುವ ಶಕ್ತಿ ೧೦೦೦ × ೯.೮ × ೧೫೦, ಎಂದರೆ ಸುಮಾರು ೧೪ ಲಕ್ಷ ೭೦ ಸಾವಿರ ಜೂಲ್. ನಮ್ಮ ಮನೆಯ ಮೀಟರಿನ ಒಂದು ಯೂನಿಟ್ಟು ೩೬ ಲಕ್ಷ ಜೂಲ್. ಆದಕಾರಣ ಒಂದು ಟನ್ ನೀರು ಗುಡ್ಡದಿಂದ ಇಳಿದರೆ ಅರ್ಧ ಯೂನಿಟ್ಟೂ ಬರುವುದಿಲ್ಲ. ಯಂತ್ರದ ನಷ್ಟವನ್ನು ಕಳೆದರೆ ೦.೩೭ ಯೂನಿಟ್ ಉಳಿಯುತ್ತದೆ. ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿದಾಗ ವಿದ್ಯಾರ್ಥಿಗಳು ಉತ್ತರವನ್ನು ನಂಬದೆ ಎರಡನೆಯ ಸಲ ಮಾಡಿ ನೋಡುವುದುಂಟು. ಗುರುತ್ವಶಕ್ತಿ ನಾವು ಭಾವಿಸುವುದಕ್ಕಿಂತ ಬಹಳ ದುರ್ಬಲವಾದುದು. ಒಂದು ಟನ್ ನೀರನ್ನು ಅಷ್ಟೆತ್ತರ ಏರಿಸಿಟ್ಟ ಶ್ರಮವೆಲ್ಲ ಒಂದು ಇಸ್ತ್ರಿಪೆಟ್ಟಿಗೆಯನ್ನು ಅರ್ಧ ಗಂಟೆಯೂ ನಡೆಸಲಾರದು.

ಇನ್ನು ೧೨೬೦ ಮೆಗಾವಾಟನ್ನು ಸಂಜೆಯ ಆರು ಗಂಟೆಗಳ ಕಾಲ ಕೊಡಬೇಕಾದರೆ ೭೫ ಲಕ್ಷ ೬೦ ಸಾವಿರ ಯೂನಿಟ್ ಬೇಕು. ಅದಕ್ಕೆ ಇಳಿಯಬೇಕಾದ ನೀರು ಎರಡು ಕೋಟಿ ಘನಮೀಟರಿಗೂ ತುಸು ಹೆಚ್ಚು, ಸುಮಾರು ೦.೭೨ ಟಿ.ಎಂ.ಸಿ. ಇದು ತುಂಬಿದ ರೇಣುಕಾಸಾಗರದ ಶೇಕಡಾ ಎರಡರಷ್ಟು ಮಾತ್ರ. ಅದೂ ಖರ್ಚಾಗಿ ಹೋಗುವ ನೀರಲ್ಲ, ದಿನವೂ ಮೇಲೆ ಹೋಗಿ ಕೆಳಗೆ ಬರುವ ನೀರು. ಇಷ್ಟರಿಂದ ಎಲ್ಲವೂ ಸರಿಯಾಗಿದೆಯೆನಿಸುತ್ತದೆ.

ಆದರೆ ರೇಣುಕಾಸಾಗರ ವರ್ಷ ವರ್ಷವೂ ತುಂಬುವುದಿಲ್ಲ. ೨೦೧೯ರ ಆಗಸ್ಟಿನಲ್ಲಿ ಅದು ತುಂಬಿ ಹರಿದು ರಾಮದುರ್ಗ ಪಟ್ಟಣದ ಮನೆಗಳಿಗೆ ನೀರು ನುಗ್ಗಿತು. ೨೦೨೩ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ನೀರು ೮ ಟಿ.ಎಂ.ಸಿ.ಗೆ ಇಳಿದ ವರ್ಷವೊಂದನ್ನು ಊಹಿಸಿದರೆ, ಶೇಕಡಾ ಎರಡಾಗಿದ್ದುದು ಒಂಬತ್ತಾಗುತ್ತದೆ. ಈ ಜಲಾಶಯವೇ ಹುಬ್ಬಳ್ಳಿ ಧಾರವಾಡಗಳಿಗೆ ಕುಡಿಯುವ ನೀರನ್ನು ಕೊಡುತ್ತದೆ. ೨೦೧೧ರ ಜನಗಣತಿಯಲ್ಲಿ ಆ ಅವಳಿನಗರದ ಜನಸಂಖ್ಯೆ ಒಂಬತ್ತು ಲಕ್ಷ ನಲವತ್ತು ಸಾವಿರದಷ್ಟಿತ್ತು. ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ಲೆಕ್ಕ ಹಾಕಿದರೆ ೦.೭೨ ಟಿ.ಎಂ.ಸಿ. ಅವರಿಗೆ ಐದು ತಿಂಗಳ ನೀರು. ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿದ ನೆಲಕ್ಕೆ ಕಾಲುವೆಯ ನೀರು ಕೊಡಬೇಕಾದುದೂ ಇದೇ ಜಲಾಶಯವೇ. ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೂ ಕರ ಬಿದ್ದಾಗ ನರಗುಂದ ನವಲಗುಂದಗಳ ರೈತರು ೧೯೮೦ರ ಜುಲೈಯಲ್ಲಿ ಸಿಡಿದೆದ್ದುದು ಇದೇ ಮಲಪ್ರಭೆಯ ಕಾಲುವೆಯ ಸಲುವಾಗಿ. ಮಹದಾಯಿಯ ನೀರನ್ನು ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಲು ೨೦೧೮ರಲ್ಲಿ ನ್ಯಾಯಾಧಿಕರಣ ಒಪ್ಪಿದುದು ೩.೯ ಟಿ.ಎಂ.ಸಿ. ಮಾತ್ರ, ಅಷ್ಟಕ್ಕೆ ಎಷ್ಟು ವರ್ಷಗಳ ಹೋರಾಟ ಬೇಕಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಇಂಥ ನದಿಯಲ್ಲಿ ಮುಕ್ಕಾಲು ಟಿ.ಎಂ.ಸಿ. ಸಣ್ಣ ಮಾತಲ್ಲ.

ಮೇಲಿನ ಕೊಳಕ್ಕೆ ಬಿಸಿಲಿನ ಸುಂಕವೂ ಉಂಟು. ಅದರ ಆಳ ೧೫ ಮೀಟರಾದರೆ ಹರವು ಸುಮಾರು ೧.೩೬ ಚದರ ಕಿಲೋಮೀಟರ್ ಆಗಬೇಕು. ಈ ಒಣ ಸೀಮೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಎರಡು ಮೀಟರಿಗೆ ಸಮೀಪವಾಗಿ ಆವಿಯಾಗುತ್ತದೆ. ಎಂದರೆ ಆ ಕೊಳದಿಂದ ದಿನಕ್ಕೆ ಸರಾಸರಿ ೭,೫೦೦ ಘನಮೀಟರಿನಷ್ಟು ನೀರು ಹಾರಿಹೋಗುತ್ತದೆ. ಇದು ೨೦೧೧ರಲ್ಲಿ ಅರ್ಧ ಲಕ್ಷಕ್ಕೆ ಸಮೀಪ ಜನರಿದ್ದ ಬೈಲಹೊಂಗಲದಂಥ ಪಟ್ಟಣದ ನಿತ್ಯದ ನೀರು. ಇದನ್ನು ಕೇಳಿ ಗಾಬರಿಯಾಗುವ ಮುನ್ನ ಕಲ್ಲಿದ್ದಲಿನ ಲೆಕ್ಕವನ್ನೂ ನೋಡಬೇಕು. ಅಷ್ಟೇ ಯೂನಿಟ್ಟುಗಳನ್ನು ಉಷ್ಣವಿದ್ಯುತ್ ಸ್ಥಾವರದಿಂದ ಪಡೆದರೆ, ಯೂನಿಟ್ಟಿಗೆ ಮೂರು ಲೀಟರಿನಂತೆ, ತಂಪುಗೊಳಿಸುವುದಕ್ಕೇ ದಿನಕ್ಕೆ ೨೨,೦೦೦ ಘನಮೀಟರಿಗೂ ಹೆಚ್ಚು ನೀರು ಬೇಕು. ಜೊತೆಗೆ ೫,೩೦೦ ಟನ್ ಕಲ್ಲಿದ್ದಲು, ಎಂದರೆ ಒಂದು ಗೂಡ್ಸ್ ರೈಲಿಗೆ ಹಿಡಿಸದಷ್ಟು, ದಿನವೂ ಉರಿಯಬೇಕು. ಗುಡ್ಡದ ಕೊಳವು ಕುಡಿಯುವ ನೀರು ಅದರ ಮೂರನೆಯ ಒಂದು ಪಾಲು. ಭೇದವೇನೆಂದರೆ, ಕೂಡಗಿಯ ಉಷ್ಣಸ್ಥಾವರ ನೀರನ್ನು ಆಲಮಟ್ಟಿಯಿಂದ ಪಡೆಯುತ್ತದೆ. ಇಲ್ಲಿಯದು ಮಲಪ್ರಭೆಯ ಪಾಲಿನಿಂದಲೇ ಹೋಗಬೇಕು. ನಾಡಿಗೆ ಒಟ್ಟಿನಲ್ಲಿ ಲಾಭವಾದುದು ಒಂದು ಕಣಿವೆಗೆ ನಷ್ಟವಾಗಿರಲು ಸಾಧ್ಯವುಂಟು.

ನೆಲದ ಲೆಕ್ಕ

ಹಗೇವಿನಲ್ಲಿ ಮುಗ್ಗುವ ಕಾಳಿನ ಮಾತನ್ನು ಮೇಲೆ ಹೇಳಿದೆ. ನೀರನ್ನು ಏರಿಸಿ ಇಳಿಸುವುದರಲ್ಲಿ ನೂರು ಯೂನಿಟ್ ಹಾಕಿದರೆ ಎಪ್ಪತ್ತೆಂಟರ ಸುಮಾರಿಗೆ ಮರಳಿ ಬರುತ್ತವೆ. ೭೫.೬ ಲಕ್ಷ ಯೂನಿಟ್ ತೆಗೆಯಬೇಕಾದರೆ ೯೭ ಲಕ್ಷ ತುಂಬಬೇಕು. ಅಷ್ಟು ಎಲ್ಲಿಂದ ಬರಬೇಕು? ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವನ್ನು ಅಳತೆಗೋಲಾಗಿ ಇಟ್ಟುಕೊಳ್ಳೋಣ. ಅದರ ಸಾಮರ್ಥ್ಯ ೨೦೫೦ ಮೆಗಾವಾಟ್. ಹರವು ೧೩,೦೦೦ ಎಕರೆ. ಒಂದು ಮೆಗಾವಾಟಿನ ಸೌರಫಲಕಗಳು ದಿನಕ್ಕೆ ಸರಾಸರಿ ೪,೭೦೦ ಯೂನಿಟ್ಟುಗಳನ್ನು ಕೊಡುತ್ತವೆಂದರೆ ಇಡೀ ಪಾವಗಡದ ಒಂದು ದಿನದ ಬೆಳೆ ೯೬ ಲಕ್ಷ ಯೂನಿಟ್. ಗುಡ್ಡದ ಮೇಲಿನ ಒಂದು ಕೊಳವನ್ನು ಬಿಸಿಲಿನಿಂದಲೇ ತುಂಬುವುದಾದರೆ ಪಾವಗಡದಂಥ ಇನ್ನೊಂದು ಬಯಲೇ ಅದರ ಹಿಂದೆ ಬೇಕು! ಕಣಜದಲ್ಲಿ ಮುಗ್ಗಿಹೋಗುವ ೨೧ ಲಕ್ಷ ಯೂನಿಟ್ಟುಗಳಿಗಾಗಿಯೇ ಸುಮಾರು ೨,೯೦೦ ಎಕರೆ ಫಲಕಗಳಡಿಯಲ್ಲಿರಬೇಕು.

ಪಾವಗಡದಲ್ಲಿ ನೆಲವನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲಾಗುವ ಗುತ್ತಿಗೆಗೆ ಪಡೆದರು. ಪದೇ ಪದೇ ಮಳೆ ಕೈಕೊಡುವ ಆ ತಾಲ್ಲೂಕಿನಲ್ಲಿ ಒಡೆಯರಿಗೆ ಇದು ಒಳ್ಳೆಯ ಏರ್ಪಾಡೇ. ಆದರೆ ಗುತ್ತಿಗೆ ಹಣ ನೆಲದ ಒಡೆಯನಿಗೆ ಬರುತ್ತದೆ. ಅದೇ ನೆಲದಲ್ಲಿ ಕಳೆ ಕಿತ್ತು, ಕೊಯ್ಲು ಮಾಡಿ, ಕುರಿ ಮೇಯಿಸಿ ಬದುಕುತ್ತಿದ್ದವನಿಗೆ ಬರುವುದಿಲ್ಲ. ಬೈಲಹೊಂಗಲ ಸವದತ್ತಿಗಳ ಎರೆನೆಲವು ಪಾವಗಡದ ಕೆಂಪು ಮಣ್ಣಲ್ಲ. ಜೋಳ, ಕಡಲೆ, ಹತ್ತಿಗಳನ್ನು ಹಿಂಗಾರಿನ ಇಬ್ಬನಿಯಲ್ಲೇ ಬೆಳೆಯುವ ನೆಲ. ಅದನ್ನು ಫಲಕಗಳಿಗೆ ಬಿಡುವುದು ಈ ಲೇಖಕನಿಗೆ ಒಪ್ಪಿಗೆಯಾಗದು. ಗಾಳಿಯಂತ್ರಗಳು ಈ ವಿಷಯದಲ್ಲಿ ಮೇಲು. ಒಂದರ ಗಾಳಿಯನ್ನು ಇನ್ನೊಂದು ಕೆಡಿಸದಂತೆ ಅವುಗಳನ್ನು ದೂರ ದೂರ ನಿಲ್ಲಿಸಬೇಕಾಗಿ, ನಡುವಿನ ನೆಲದಲ್ಲಿ ಬೇಸಾಯ ನಡೆದೇ ಇರುತ್ತದೆ.

ಕಬ್ಬಿನ ಸಿಪ್ಪೆಯೂ ಸೂರ್ಯಶಕ್ತಿಯೇ ತಾನೆ? ಎಂ.ಕೆ. ಹುಬ್ಬಳ್ಳಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಬೈಲಹೊಂಗಲ ಸೀಮೆಯಲ್ಲಿ ಕಬ್ಬಿನ ಗಾಡಿಗಳಿಲ್ಲದ ಚಳಿಗಾಲವಿಲ್ಲ. ಸಿಪ್ಪೆಯನ್ನು ಉರಿಸಿ ವಿದ್ಯುತ್ ಮಾಡುವ ಒಳ್ಳೆಯ ಯಂತ್ರಗಳಿದ್ದಲ್ಲಿ ಒಂದು ಟನ್ ಕಬ್ಬಿನಿಂದ ಹೊರಗೆ ಮಾರಲು ನೂರು ಯೂನಿಟ್ಟಿನಷ್ಟು ಬರಬಹುದು. ಎಕರೆಗೆ ೪೦ ಟನ್ ಬೆಳೆದರೆ ವರ್ಷಕ್ಕೆ ೪,೦೦೦ ಯೂನಿಟ್. ಪಾವಗಡದ ಒಂದು ಎಕರೆಯೋ ವರ್ಷಕ್ಕೆ ೨ ಲಕ್ಷ ೭೦ ಸಾವಿರವನ್ನು ಕೊಡುತ್ತದೆ. ಹಸುರೆಲೆ ಬಿಸಿಲನ್ನು ಹಿಡಿಯುವುದರಲ್ಲಿ ಅಷ್ಟು ಮಂದ. ಅದಲ್ಲದೆ ಕಬ್ಬಿಗೆ, ಮಳೆಯೂ ಸೇರಿ, ೧.೮ ಮೀಟರ್ ಆಳದ ನೀರು ಬೇಕೆಂದು ಹಿಡಿದರೆ ಒಂದು ಟನ್ ಕಬ್ಬಿನ ಹಿಂದೆ ೧೮೦ ಟನ್ ನೀರು ಹೋಗುತ್ತದೆ. ಅದೇ ೧೮೦ ಟನ್ ನೀರು ಗುಡ್ಡದಿಂದ ಇಳಿದರೆ ೬೭ ಯೂನಿಟ್ ಕೊಟ್ಟು, ನಾಳೆ ಮತ್ತೆ ಏರಲು ಸಿದ್ಧವಾಗಿರುತ್ತದೆ. ಕಬ್ಬಿನಿಂದ ಸಕ್ಕರೆಯೂ ಕೂಲಿಯೂ ಬರುತ್ತವೆಂಬುದನ್ನು ಮರೆಯಲಾಗದು. ಹೇಗೂ ಉಳಿಯುವ ಸಿಪ್ಪೆಯನ್ನು ಉರಿಸುವುದು ಜಾಣತನವೇ. ಆದರೆ ವಿದ್ಯುತ್ತಿಗೋಸ್ಕರ ಮಲಪ್ರಭೆಯ ದಂಡೆಯಲ್ಲಿ ಕಬ್ಬನ್ನು ಹೆಚ್ಚಿಸಿರೆಂದು ಯಾರಾದರೂ ಹೇಳಿದರೆ, ಅವರು ಈ ಲೆಕ್ಕವನ್ನು ಮಾಡಿಲ್ಲವೆಂದೇ ತಿಳಿಯಬೇಕು.

ಬ್ಯಾಟರಿಯಾದರೆ?

ನೀರಿನ ಗೊಡವೆಯೇ ಬೇಡ, ಬ್ಯಾಟರಿಗಳನ್ನು ಇಟ್ಟರಾಗದೆ ಎಂದು ಕೇಳಬಹುದು. ಒಂದು ಯೂನಿಟ್ ತುಂಬಿಡುವ ಲಿಥಿಯಂ ಬ್ಯಾಟರಿಯಲ್ಲಿ ೧೦೦ರಿಂದ ೧೫೦ ಗ್ರಾಂ ಲಿಥಿಯಂ ಲೋಹವಿರುತ್ತದೆ. ೭೫.೬ ಲಕ್ಷ ಯೂನಿಟ್ಟಿಗೆ ೯೦೦ ಟನ್ನಿನಷ್ಟಾಯಿತು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತೆಂದು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತಷ್ಟೆ; ಅಣುಖನಿಜ ನಿರ್ದೇಶನಾಲಯದ ಅಂದಾಜಿನಂತೆ ಅಲ್ಲಿರುವುದು ೧,೬೦೦ ಟನ್. ಒಂದು ಸವದತ್ತಿಯ ಬದಲಿಗೆ ಬ್ಯಾಟರಿ ಇಟ್ಟರೆ ಅದರ ಅರ್ಧಕ್ಕೂ ಹೆಚ್ಚು ಮುಗಿಯಿತು. ಬ್ಯಾಟರಿಯಲ್ಲಿ ನಷ್ಟ ಕಡಮೆ, ಗುಡ್ಡ ಬೇಡ, ಎಲ್ಲೆಂದರಲ್ಲಿ ಇಡಬಹುದು. ಆದರೆ ಅದು ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ, ಕಲ್ಲಿನ ಕೊಳವಾದರೋ ತಲೆಮಾರುಗಳವರೆಗೆ ನಿಲ್ಲುತ್ತದೆ. ತಾಮ್ರದ ಕಥೆಯೂ ಹೀಗೆಯೇ. ಗಾಳಿಯಂತ್ರದ ಒಂದು ಮೆಗಾವಾಟಿಗೆ ಸುಮಾರು ೩ ಟನ್ ತಾಮ್ರ ಬೇಕು, ಕಲ್ಲಿದ್ದಲಿನ ಸ್ಥಾವರಕ್ಕೆ ಒಂದು ಟನ್ನಿಗೆ ತುಸು ಹೆಚ್ಚು. ಗಾಳಿ ಸದಾ ಬೀಸದೆ ಇರುವುದರಿಂದ, ಉತ್ಪನ್ನವಾದ ಯೂನಿಟ್ಟಿನ ಲೆಕ್ಕದಲ್ಲಿ ಈ ಅಂತರ ಆರರಷ್ಟಾಗುತ್ತದೆ. ಸಮಾಧಾನವೊಂದುಂಟು: ತಾಮ್ರವನ್ನು ಕರಗಿಸಿ ಮತ್ತೆ ಬಳಸಬಹುದು, ಉರಿದ ಕಲ್ಲಿದ್ದಲನ್ನು ಬಳಸಲಾಗದು.

ಈ ಎಲ್ಲ ಕಣಜಗಳಿಗೂ ಒಂದು ದೌರ್ಬಲ್ಯವಿದೆ. ಅವು ಹಗಲನ್ನು ರಾತ್ರಿಗೆ ಸಾಗಿಸುತ್ತವೆಯೇ ಹೊರತು ಆಷಾಢದ ಗಾಳಿಯನ್ನು ಚೈತ್ರಕ್ಕೆ ಸಾಗಿಸಲಾರವು. ಒಂದು ತಿಂಗಳ ಸಂಜೆಗಳಿಗೆ ಸಾಲುವಷ್ಟನ್ನು ಗುಡ್ಡದ ಮೇಲೆ ಕೂಡಿಡಬೇಕಾದರೆ ೨೧ ಟಿ.ಎಂ.ಸಿ.ಗೂ ಹೆಚ್ಚು ನೀರನ್ನು, ರೇಣುಕಾಸಾಗರದ ಅರ್ಧಕ್ಕಿಂತ ಅಧಿಕವನ್ನು, ಮೇಲೇರಿಸಬೇಕಾದೀತು. ಆ ಕೆಲಸವನ್ನು ಮಾಡಬಲ್ಲದ್ದು ೧೯೬೪ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿಯಂಥ ಮಲೆನಾಡಿನ ದೊಡ್ಡ ಜಲಾಶಯ. ಮುಂಗಾರಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವಾಗ ಶರಾವತಿಯ ನೀರನ್ನು ಉಳಿಸಿಕೊಂಡು, ಬೇಸಗೆಯಲ್ಲಿ ಬಿಟ್ಟರೆ, ಸವದತ್ತಿಯ ಗಾಳಿಯನ್ನೇ ಲಿಂಗನಮಕ್ಕಿಯಲ್ಲಿ ಕೂಡಿಟ್ಟಂತಾಗುತ್ತದೆ. ಅದಕ್ಕೆ ಪಂಪೂ ಬೇಡ, ನಷ್ಟವೂ ಅಲ್ಪ.

ಶರಾವತಿಯಲ್ಲಿಯೂ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ೨೦೦೦ ಮೆಗಾವಾಟಿನ ಪಂಪಿನ ಯೋಜನೆಯೊಂದನ್ನು ರಾಜ್ಯವು ಮುಂದಿಟ್ಟಿದೆ. ಅಲ್ಲಿ ಎರಡು ಕೊಳಗಳೂ ಮೊದಲೇ ಇವೆ, ನೀರಿಗೂ ಕೊರತೆಯಿಲ್ಲ. ಆದರೆ ನಡುವೆ ಇರುವುದು ಸಿಂಗಳೀಕಗಳ ಕಾಡು. ಸವದತ್ತಿಯಲ್ಲಿ ದಟ್ಟ ಕಾಡಿಲ್ಲ, ನೀರಿಗೆ ಬರ. ಎರಡರಲ್ಲಿ ಒಂದನ್ನು ಆರಿಸೆಂದರೆ ಈ ಲೇಖಕನು ಸವದತ್ತಿಯ ಬೋಳುಗುಡ್ಡವನ್ನೇ ಆರಿಸಿಯಾನು. ನೀರಿನ ಪಾಲನ್ನು ನಿಯಮದಿಂದ ಹಂಚಬಹುದು. ಕಡಿದ ಮಲೆನಾಡಿನ ಕಾಡನ್ನು ಯಾವ ನಿಯಮವೂ ಮರಳಿ ಕೊಡಲಾರದು. ಆದರೆ ಜಲಾಶಯವು ಯಾವ ಮಟ್ಟಕ್ಕಿಳಿದಾಗ ಪಂಪುಗಳು ನಿಲ್ಲಬೇಕು, ಆವಿಯಾದ ನೀರನ್ನು ಯಾವ ತಿಂಗಳಲ್ಲಿ ತುಂಬಿಕೊಳ್ಳಬೇಕು ಎಂಬುದು ಹುಬ್ಬಳ್ಳಿಯ ನಲ್ಲಿ ಒಣಗುವ ಮೊದಲೇ ಕಾಗದದ ಮೇಲೆ ಬರೆದಿರಬೇಕು.

ಕೂಡಿಡುವುದಕ್ಕಿಂತಲೂ ಅಗ್ಗವಾದ ಉಪಾಯವೊಂದಿದೆ. ಬಿಸಿಲಿರುವಾಗಲೇ ವಿದ್ಯುತ್ತನ್ನು ಬಳಸಿಬಿಡುವುದು. ರೈತನ ಪಂಪು ರಾತ್ರಿಯೇ ನಡೆಯಬೇಕೆಂದು ಬೆಳೆಯೇನೂ ಕೇಳುವುದಿಲ್ಲ. ಅವನ ಪಾಲಿಗೆ ರಾತ್ರಿ ವಿದ್ಯುತ್ ಬಂದಾಗ ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗುವುದೇ ಒಂದು ಶಿಕ್ಷೆ. ಐದು ಕುದುರೆಶಕ್ತಿಯ ಒಂದು ಲಕ್ಷ ಪಂಪುಗಳು ಆರು ಗಂಟೆ ನಡೆದರೆ ತಗಲುವುದು ೨೨ ಲಕ್ಷ ಯೂನಿಟ್, ಎಂದರೆ ನಮ್ಮ ಹಗೇವಿನಲ್ಲಿ ದಿನವೂ ಮುಗ್ಗುವಷ್ಟೇ! ಮಧ್ಯಾಹ್ನ ಎತ್ತಿದ ನೀರು ಕೃಷಿಹೊಂಡದಲ್ಲಿ ನಿಂತರೆ ಅದೂ ಒಂದು ಕಣಜವೇ. ಇದರಲ್ಲಿಯೂ ಕುತ್ತಿಲ್ಲದಿಲ್ಲ. ಹಗಲೆಲ್ಲ ಪುಕ್ಕಟೆಯಾಗಿ ಪಂಪು ನಡೆದರೆ, ವರ್ಷ ವರ್ಷವೂ ಆಳಕ್ಕೆ ಹೋಗುತ್ತಿರುವ ಕೊಳವೆಬಾವಿಗಳು ಇನ್ನೂ ಬೇಗ ಬತ್ತಬಹುದು.

ಈ ಲೆಕ್ಕಗಳನ್ನು ವಿದ್ಯಾರ್ಥಿಗಳು ತಾವೇ ಮುಂದುವರಿಸಬಹುದು. ರೇಣುಕಾಸಾಗರದ ಪೂರ್ಣಮಟ್ಟ ೨೦೭೯.೫ ಅಡಿ. ಜಲಾಶಯಗಳ ಅಂದಂದಿನ ಮಟ್ಟವನ್ನೂ ನೀರಿನ ಸಂಗ್ರಹವನ್ನೂ ದಿನಪತ್ರಿಕೆಗಳು ಅಚ್ಚು ಮಾಡುತ್ತವೆ. ಜೂನ್ ಒಂದರಿಂದ ಮುಂದಿನ ಮೇ ಕೊನೆಯವರೆಗೆ ವಾರಕ್ಕೊಮ್ಮೆ ಆ ಸಂಖ್ಯೆಯನ್ನು ಗುರುತು ಮಾಡಿ ರೇಖಾಚಿತ್ರವನ್ನು ಬರೆದು, ೦.೭೨ ಟಿ.ಎಂ.ಸಿ. ಅದರಲ್ಲಿ ಯಾವ ತಿಂಗಳಿನಲ್ಲಿ ಶೇಕಡಾ ಎಷ್ಟಾಗುತ್ತದೆಂಬುದನ್ನು ನೋಡಬಹುದು. ಎತ್ತರವನ್ನು ೧೫೦ರ ಬದಲು ೩೦೦ ಮೀಟರ್ ಎಂದು ಹಿಡಿದರೆ ಬೇಕಾಗುವ ನೀರು ಅರ್ಧಕ್ಕಿಳಿಯುತ್ತದೆ. ಅಷ್ಟೆತ್ತರದ ಗುಡ್ಡ ಜಲಾಶಯದ ಪಕ್ಕದಲ್ಲಿ ಎಲ್ಲಿದೆಯೆಂಬುದನ್ನು ಸರ್ವೆ ಇಲಾಖೆಯ ನಕ್ಷೆಯ ಸಮೋನ್ನತಿ ರೇಖೆಗಳಲ್ಲಿ ಹುಡುಕಬೇಕು.